ಡಾರ್ಬಿ ಹೊಳೆಯ ದಂಡೆಯಲ್ಲಿ ನಾಲ್ಕು ದಿನ

ಗುರುವಾರ, ಆಗಸ್ಟ್ 1, 2024

ಮಗಳ ಮನೆ ಇರುವುದು ಓಹಿಯೋ ರಾಜ್ಯದ ಡಬ್ಲಿನ್‌ನಲ್ಲಿ, ಕೊಲಂಬಸ್ ಪಕ್ಕ. ನಾವು ಬಂದು ಐದು ವಾರ ಆಗಿತ್ತು. ನಯಾಗರ ಆಯಿತು, ದೇವಸ್ಥಾನ ಆಯಿತು, ಕಾಸ್ಟ್‌ಕೋ ಅಂಗಡಿ ನಾಲ್ಕು ಸಲ ಆಯಿತು. ಇವರ ಮನಸ್ಸು ಮಾತ್ರ ಕೊಪ್ಪದಲ್ಲೇ. ಊರಲ್ಲಿ ಮಳೆ ಬಿಟ್ಟಿಲ್ಲ, ಅಡಿಕೆಗೆ ಎರಡನೇ ಸಲ ಕೊಳೆ ಔಷಧಿ ಹೊಡೆಯುವುದು ಬಾಕಿ, ಮೈದುನ ಒಬ್ಬನೇ ಏನು ಮಾಡ್ತಾನೋ ಅಂತ ದಿನಾ ಬೆಳಿಗ್ಗೆ ಫೋನು. ಆ ವಾರ ವಯನಾಡಿನಲ್ಲಿ ಗುಡ್ಡ ಕುಸಿದ ಸುದ್ದಿ ಬೇರೆ. ಟಿವಿ ಮುಂದೆ ಕೂತರೆ ಅದನ್ನೇ ನೋಡುತ್ತಿದ್ದರು.

"ಅಪ್ಪಯ್ಯ, ನಿಮಗೆ ಇಲ್ಲಿನ ಗದ್ದೆ ತೋರಿಸ್ತೀನಿ ಬನ್ನಿ" ಅಂತ ಮಗಳು ಎರಡು ದಿನ ರಜೆ ಹಾಕಿದಳು.

ಪಶ್ಚಿಮಕ್ಕೆ ಹೊರಟೆವು. ಮೊದಲ ಹತ್ತು ನಿಮಿಷ ಬರೀ ಹೊಸ ಮನೆಗಳು. ಎಲ್ಲಾ ಒಂದೇ ಅಚ್ಚು, ಒಂದೇ ಬೂದು ಬಣ್ಣ. ಆಮೇಲೆ ಕತ್ತರಿ ಹಾಕಿದ ಹಾಗೆ ಮನೆಸಾಲು ನಿಂತು ಜೋಳ ಶುರುವಾಯಿತು. ಮುಸುಕಿನ ಜೋಳ. ಆಳೆತ್ತರ ದಾಟಿ ತೆನೆ ಕಟ್ಟಿತ್ತು. ಪಕ್ಕದಲ್ಲಿ ಸೋಯಾ. ಮತ್ತೆ ಜೋಳ, ಮತ್ತೆ ಸೋಯಾ. ಬೇಲಿ ಇಲ್ಲ, ಬದು ಇಲ್ಲ, ಒಬ್ಬ ಮನುಷ್ಯನೂ ಇಲ್ಲ.

"ಕೆಲಸದವರು ಎಲ್ಲಿ?" ಅಂತ ಇವರು ಕೇಳಿದರು.

"ಯಾರೂ ಇಲ್ಲ ಅಪ್ಪಯ್ಯ. ಸಾವಿರ ಎಕರೆ ಇದ್ರೂ ಅಪ್ಪ ಮಗ ಇಬ್ಬರೇ ಮಾಡ್ತಾರೆ."

ಅಡಿಕೆ ಕೊನೆ ತೆಗೆಯಲು ಜನ ಸಿಗದೆ ಪ್ರತಿ ವರ್ಷ ಒದ್ದಾಡುವ ಮನುಷ್ಯ. ಐದು ನಿಮಿಷ ಮಾತೇ ಆಡಲಿಲ್ಲ.

ಪ್ಲೇನ್ ಸಿಟಿ ಅನ್ನುವ ಸಣ್ಣ ಊರು ದಾಟಿದ ಮೇಲೆ ಮಗಳು ಕತೆ ಶುರು ಮಾಡಿದಳು. ಅಳಿಯ ಮೇರಿಸ್‌ವಿಲ್‌ನ ಹೋಂಡಾ ಕಾರ್ಖಾನೆಯಲ್ಲಿ ಇದ್ದಾನೆ. ಅವನ ಜೊತೆ ಕೆಲಸ ಮಾಡುವ ಒಬ್ಬನ ಮನೆ ಇದೇ ಬಯಲಿನಲ್ಲಿದೆ. ಅವನ ಬಾಯಲ್ಲಿ ಕೇಳಿದ ಕತೆ. ಇಲ್ಲಿ ಲಿಟಲ್ ಡಾರ್ಬಿ ಅಂತ ಒಂದು ಹೊಳೆ ಇದೆ. ಅದರ ಆಚೀಚೆಯ ಸುಮಾರು 50,000 ಎಕರೆ ಸೇರಿಸಿ ವನ್ಯಜೀವಿ ಆಶ್ರಯಧಾಮ (ಇಲ್ಲಿನವರ ಮಾತಲ್ಲಿ ರೆಫ್ಯೂಜ್) ಮಾಡುತ್ತೇವೆ ಅಂತ 1990ರ ದಶಕದ ಕೊನೆಯಲ್ಲಿ ಫೆಡರಲ್ ಸರ್ಕಾರದ ಫಿಶ್ ಅಂಡ್ ವೈಲ್ಡ್‌ಲೈಫ್ ಸರ್ವಿಸ್ ಹೊರಟಿತ್ತು. ಫೆಡರಲ್ ಅಂದರೆ ನಮ್ಮ ಲೆಕ್ಕದಲ್ಲಿ ಕೇಂದ್ರ. ಆ ಎಕರೆಗಳಲ್ಲಿ ಮುಕ್ಕಾಲುಪಾಲು ಉಳುವ ಹೊಲವೇ. ರೈತರು ಎದ್ದು ನಿಂತರು. ಮನೆ ಮುಂದೆಲ್ಲ 'ರೆಫ್ಯೂಜ್ ಬೇಡ' ಅನ್ನುವ ಬೋರ್ಡು. ಕೊನೆಗೆ 2002ರಲ್ಲಿ ಸರ್ಕಾರವೇ ಕೈಬಿಟ್ಟಿತು.

"ಕೈಬಿಡ್ತಾ?" ಅಂತ ಇವರು ಸೀಟಿನಿಂದ ಮುಂದೆ ಬಗ್ಗಿದರು. "ಪೂರ್ತಿ ಬಿಡ್ತಾ, ಇಲ್ಲ ನಮ್ಮ ಕಡೆ ಹಾಗೆ ಮತ್ತೆ ಮತ್ತೆ ಬರ್ತಾ?"

ಕಾರು ನಿಂತಿದ್ದು ಒಂದು ಸ್ಮಶಾನದ ಮುಂದೆ. ಬಿಗೆಲೋ ಸ್ಮಶಾನ. ಅರ್ಧ ಎಕರೆ ಅಷ್ಟೇ, ಸುತ್ತ ಹೊಲ. ಮಗಳು ಇಲ್ಲಿಗೆ ಯಾಕೆ ಕರೆತಂದಳು ಅಂತ ಮೊದಲು ನನಗೆ ಅರ್ಥ ಆಗಲಿಲ್ಲ. ಒಳಗೆ ಹೋದರೆ ಹಳೇ ಕಲ್ಲುಗಳ ನಡುವೆ ಎದೆಮಟ್ಟ ಹುಲ್ಲು, ಹೂವು. ಒಂದು ಹುಲ್ಲಿನ ತೆನೆ ಹಕ್ಕಿ ಕಾಲಿನ ಹಾಗೆ ಮೂರು ಕವಲು. ಎಸಳು ಕೆಳಗೆ ಜೋತ ಹಳದಿ ಹೂವು. ಅದರ ಮಧ್ಯೆ ಕುಂಕುಮದಂಥ ಕೆಂಪು ಹೂವು, ಸೀಸನ್ನಿನ ಕೊನೆಯವು. ರಾಯಲ್ ಕ್ಯಾಚ್‌ಫ್ಲೈ ಅಂತ ಹೆಸರಂತೆ. ಮೊಗ್ಗಿನ ಬುಡ ಮುಟ್ಟಿದೆ. ಹಲಸಿನ ಮೇಣದ ಹಾಗೆ ಬೆರಳಿಗೆ ಅಂಟಿತು. ಸಾಸಿವೆಗಿಂತ ಸಣ್ಣ ನೊಣ ಎರಡು ಅದಕ್ಕೆ ಮೊದಲೇ ಅಂಟಿ ಸತ್ತಿದ್ದವು.

ಇನ್ನೂರು ವರ್ಷದ ಹಿಂದೆ ಈ ಇಡೀ ಬಯಲು ಹೀಗೇ ಇತ್ತಂತೆ. ಡಾರ್ಬಿ ಪ್ಲೇನ್ಸ್ ಅಂತ. ಹುಲ್ಲು, ಜೌಗು, ಸೊಳ್ಳೆ, ಚಳಿಜ್ವರ. ಮೊದಲು ಬಂದವರು ನೀರು ಬಸಿದು ಹೊಲ ಮಾಡಿದರು. ಸತ್ತವರ ಮೇಲೆ ನೇಗಿಲು ಹೊಡೆಯಲು ಯಾರಿಗೂ ಮನಸ್ಸು ಬರಲಿಲ್ಲ. ಅದಕ್ಕೆ ಇದೊಂದು ತುಂಡು ಉಳಿಯಿತು. ನಮ್ಮಲ್ಲಿ ನಾಗಬನ ಉಳಿದಿದೆಯಲ್ಲ, ಹಾಗೆ.

ಇವರು ಹೂವು ನೋಡಲಿಲ್ಲ. ಬೇಲಿ ಆಚೆ ಹೋಗಿ ಹೊಲದ ಮಣ್ಣು ಹಿಡಿದು ನೋಡುತ್ತಿದ್ದರು. "ಮಾರಾಯ್ತಿ, ಇಲ್ಲಿ ನೋಡು. ಇದ್ದಿಲ ಪುಡಿ. ಇದಕ್ಕೆ ಗೊಬ್ಬರ ಯಾಕೆ ಬೇಕು?"

ಶುಕ್ರವಾರ, ಆಗಸ್ಟ್ 2

ಇವತ್ತು ಹೊಳೆಯ ಸರದಿ. ಲಿಟಲ್ ಡಾರ್ಬಿ ಹೋಗಿ ಬಿಗ್ ಡಾರ್ಬಿಗೆ ಸೇರುವ ಜಾಗದಲ್ಲಿ ಬ್ಯಾಟೆಲ್ ಡಾರ್ಬಿ ಕ್ರೀಕ್ ಅಂತ ದೊಡ್ಡ ಪಾರ್ಕು ಇದೆ. ಬೈಸನ್ ಹಿಂಡು ಸಾಕಿದ್ದಾರೆ, 2011ರಿಂದ. ಒಂದೂವರೆ ಗಂಟೆ ಬಿಸಿಲಲ್ಲಿ ನಡೆದು ನೋಡಿದ್ದು ದೂರದಲ್ಲಿ ಮಲಗಿದ್ದ ಆರು ಕಂದು ಗುಡ್ಡೆಗಳು. ನಮ್ಮ ಭದ್ರಾ ಕಾಡಿನ ಕಾಟಿ ಎದುರು ಇವು ನನಗೆ ಏನೂ ಅನ್ನಿಸಲಿಲ್ಲ. ಮಗಳಿಗೆ ಹೇಳಲಿಲ್ಲ.

ಹೊಳೆ ಮಾತ್ರ ಬೇರೆ. ಸೌಮ್ಯ ಹೊಳೆ. ಮೊಣಕಾಲುದ್ದ ನೀರು, ತಳದ ನುಣುಪು ಕಲ್ಲು ಕಾಣುತ್ತದೆ. ನಮ್ಮ ತುಂಗೆಯ ಮಾರ್ಚ್ ತಿಂಗಳ ರೂಪ ಅನ್ನಬಹುದು. ಇದರಲ್ಲಿ ನೂರರ ಹತ್ತಿರ ಬಗೆಯ ಮೀನು, ಸುಮಾರು 40 ಬಗೆಯ ಕಪ್ಪೆಚಿಪ್ಪು ಸಿಕ್ಕಿವೆಯಂತೆ. 1984ರಲ್ಲಿ ರಾಜ್ಯ ಸರ್ಕಾರ, 1994ರಲ್ಲಿ ಫೆಡರಲ್ ಸರ್ಕಾರ ಇದನ್ನು ಕಾಪಾಡಬೇಕಾದ ಚೆಂದದ ನದಿ ಅಂತ ಪಟ್ಟಿಗೆ ಸೇರಿಸಿದವು.

ಪಾರ್ಕಿನ ಕಟ್ಟಡದ ಒಳಗೆ ಗಾಜಿನಲ್ಲಿ ಹೊಳೆಯನ್ನೇ ಇಟ್ಟಿದ್ದಾರೆ. ಅಲ್ಲಿ ಕಪ್ಪೆಚಿಪ್ಪಿನ ಸಂಸಾರದ ಕತೆ ಕೇಳಿ ನನಗೆ ನಗು ಬಂತು. ಕೆಲವು ಜಾತಿಯಲ್ಲಿ ತಾಯಿ ತನ್ನ ಮೈಯ ಅಂಚನ್ನು ಸಣ್ಣ ಮೀನಿನ ಹಾಗೆ ಅಲ್ಲಾಡಿಸುತ್ತದೆ. ತಿನ್ನೋಣ ಅಂತ ದೊಡ್ಡ ಮೀನು ಬಾಯಿ ಹಾಕಿದ ಕೂಡಲೇ ಅದರ ಮುಖಕ್ಕೆ ಮರಿಗಳನ್ನೆಲ್ಲ ಎರಚಿಬಿಡುತ್ತದೆ. ಮರಿಗಳು ಮೀನಿನ ಕಿವಿರಿಗೆ ಅಂಟಿಕೊಂಡು ಕೆಲವು ವಾರ ಪುಕ್ಕಟೆ ಊಟ, ಪುಕ್ಕಟೆ ಸವಾರಿ. ಆಮೇಲೆ ಎಲ್ಲೋ ಉದುರಿ ತಳದಲ್ಲಿ ನೆಲೆ ನಿಲ್ಲುತ್ತವೆ. ಹೊಲದ ಮಣ್ಣು ಕೊಚ್ಚಿ ಬಂದು ತಳ ಮುಚ್ಚಿದರೆ ಇವು ಉಸಿರು ಕಟ್ಟಿ ಸಾಯುತ್ತವೆ. ಸರ್ಕಾರಕ್ಕೆ ಹೊಲಗಳ ಮೇಲೆ ಕಣ್ಣು ಬಿದ್ದದ್ದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣ ಕೊಲಂಬಸ್. ಊರು ಬೆಳೆಯುತ್ತಾ ಬಂದು ಹೊಳೆಯನ್ನೇ ನುಂಗುತ್ತದೆ, ಅದಕ್ಕಿಂತ ಮೊದಲು ಜಾಗ ಹಿಡಿದಿಡೋಣ ಅನ್ನುವ ಯೋಚನೆ.

ಇದೇ ಹೊಳೆಯಲ್ಲಿ ಸಯೋಟೋ ಮ್ಯಾಡ್‌ಟಮ್ ಅಂತ ಒಂದು ಮೀನು ಇತ್ತು. ಬೆರಳುದ್ದವೂ ಇಲ್ಲ, ಮೀಸೆ ಇರುವ ಜಾತಿ. ಇಡೀ ಪ್ರಪಂಚದಲ್ಲಿ ಸಿಕ್ಕಿದ್ದು ಒಟ್ಟು 18. ಎಲ್ಲವೂ ಬಿಗ್ ಡಾರ್ಬಿಯಲ್ಲೇ. ಕೊನೆಗೆ ಕಂಡಿದ್ದು 1957ರಲ್ಲಿ. ಇನ್ನು ಇಲ್ಲ ಅಂತ ಸರ್ಕಾರ ಬರೆದದ್ದು 2023ರಲ್ಲಿ. ಒಂದು ಮೀನು ಸತ್ತಿದೆ ಅಂತ ಒಪ್ಪಿಕೊಳ್ಳಲು 66 ವರ್ಷ.

ಬುತ್ತಿಗೆ ಚಿತ್ರಾನ್ನ ತಂದಿದ್ದೆವು. ನೀರಿನ ದಂಡೆಯಲ್ಲೇ ಕೂತು ತಿಂದೆವು. ಇವರು ಕಾಲು ನೀರಿಗೆ ಇಳಿಬಿಟ್ಟು, "ಇದನ್ನು ಉಳಿಸಬೇಕು ಅನ್ನೋದು ತಪ್ಪಲ್ಲ" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಹೇಗೆ ಉಳಿಸ್ತಾರೆ ಅನ್ನೋದು ಇದೆ" ಅಂದರು.

ಶನಿವಾರ, ಆಗಸ್ಟ್ 3

ಅಳಿಯನ ಗೆಳೆಯನ ಮನೆಗೆ ಹೋದೆವು. ಗೆಳೆಯನ ಅಪ್ಪನಿಗೆ ಎಂಬತ್ತರ ಹತ್ತಿರ. ಅಜ್ಜ ಅಂತಲೇ ಬರೆಯುತ್ತೇನೆ. ಕೈ ನೋಡಿದರೆ ಗೊತ್ತಾಗುತ್ತದೆ, ರೈತನ ಕೈಗೆ ದೇಶ ಇಲ್ಲ. ಇವರಿಬ್ಬರೂ ಕೈ ಕುಲುಕಿ ಒಬ್ಬರ ಅಂಗೈ ಒಬ್ಬರು ನೋಡಿಕೊಂಡರು. ಅಷ್ಟರಲ್ಲೇ ಸ್ನೇಹ ಆಯಿತು. ಮಧ್ಯೆ ಭಾಷಾಂತರಕ್ಕೆ ಅಳಿಯ.

ಇವರಿಗೆ ಒಂದೇ ಪ್ರಶ್ನೆ. ಸರ್ಕಾರ ಒತ್ತಾಯ ಮಾಡುವುದಿಲ್ಲ, ಮಾರಲು ಒಪ್ಪಿದವರ ಹತ್ತಿರ ಮಾತ್ರ ಕೊಳ್ಳುತ್ತೇವೆ ಅಂದಿತ್ತಂತಲ್ಲ. ಸುಮಾರು ಅರ್ಧ ಜಾಗ ಕೊಳ್ಳುವುದು, ಉಳಿದದ್ದರಲ್ಲಿ ರೈತರೇ ಇರಬಹುದು, ಮನೆ ಕಟ್ಟಿಸುವುದಿಲ್ಲ ಅಂತ ಕರಾರು ಬರೆದುಕೊಡುವುದು. ದುಡ್ಡೂ ಕೊಡ್ತಾರೆ. ಮತ್ತೆ ಯಾಕೆ ಬೇಡ ಅಂದಿರಿ?

ಅಜ್ಜ ಉತ್ತರ ಕೊಡಲಿಲ್ಲ. ಎದ್ದು ಕೊಟ್ಟಿಗೆಗೆ ಹೋಗಿ ಒಂದು ವಸ್ತು ತಂದು ಇವರ ಕೈಗೆ ಕೊಟ್ಟರು.

ಒಂದು ಅಡಿ ಉದ್ದದ, ಹಂಚಿನ ಬಣ್ಣದ, ಸುಟ್ಟ ಮಣ್ಣಿನ ಕೊಳವೆ. ಎರಡೂ ಕಡೆ ಬಾಯಿ. ಟೈಲ್ ಅನ್ನುತ್ತಾರೆ. ಅಜ್ಜನ ಅಜ್ಜ ಇದನ್ನು ಗುದ್ದಲಿಯಲ್ಲಿ ಚರಂಡಿ ತೋಡಿ, ಒಂದರ ಬಾಯಿಗೆ ಒಂದು ಇಟ್ಟು, ಮೈಲಿಗಟ್ಟಲೆ ಹೂತಿದ್ದರಂತೆ. ಅಂಟಿಸುವುದಿಲ್ಲ. ಸಂದಿಯಲ್ಲಿ ನೀರು ಇಳಿಯುತ್ತದೆ, ಕೊಳವೆಯಲ್ಲಿ ಹರಿದು ಹಳ್ಳ ಸೇರುತ್ತದೆ. ಈಗ ಪ್ಲಾಸ್ಟಿಕ್ ಪೈಪು, ತತ್ವ ಅದೇ. ಈ ಬಯಲಿನಲ್ಲಿ ಬೆಳೆ ನಿಂತಿರುವುದು ಮಣ್ಣಿನ ಮೇಲೆ ಅಲ್ಲ, ಈ ಕೊಳವೆಗಳ ಮೇಲೆ ಅಂದರು. ಇದು ಮುಚ್ಚಿಹೋದರೆ ಎರಡು ವರ್ಷಕ್ಕೆ ಮತ್ತೆ ಜೌಗು.

ಇವರು ಕೊಳವೆಯ ಒಂದು ಬಾಯಿಗೆ ಕಣ್ಣಿಟ್ಟು ಆಚೆ ನೋಡಿದರು. ಆಮೇಲೆ ಅಳಿಯನಿಗೆ, "ನಮ್ಮ ತೋಟದ ಬಸಿಗಾಲುವೆ ಅಂತ ಹೇಳು. ಪಕ್ಕದವ ಬಾಯಿ ಮುಚ್ಚಿದ್ರೆ ನನ್ನ ಅಡಿಕೆ ಕೊಳೀತು ಅಂತ ಹೇಳು" ಅಂದರು.

ಅಳಿಯ ಹೇಳಿದ. ಅಜ್ಜ ಮೇಜು ಕುಟ್ಟಿ "ಯೆಸ್!" ಅಂದರು. ಅದೇ ವಿಷಯ. ಪಕ್ಕದವ ಖುಷಿಯಿಂದಲೇ ಮಾರುತ್ತಾನೆ ಅಂತಿಟ್ಟುಕೊಳ್ಳಿ. ಕೊಂಡವರು ಅಲ್ಲಿ ಬಾತುಕೋಳಿಗೆ ಜೌಗು ಬೇಕು ಅಂತ ಟೈಲ್ ಮುಚ್ಚುತ್ತಾರೆ. ನನ್ನ ನೀರು ಹೋಗುವುದು ಅವನ ಜಾಗದ ಅಡಿಯಲ್ಲೇ. ನಾನು ಮಾರದಿದ್ದರೂ ನನ್ನ ಹೊಲ ಮುಳುಗಿತು. ಒಪ್ಪಿದವರ ಹತ್ತಿರ ಮಾತ್ರ ಅನ್ನುವ ಮಾತಿನಲ್ಲಿ ಒಪ್ಪದವನ ಗತಿ ಏನು ಅಂತ ಇರಲಿಲ್ಲ.

ಹಾಗೇನೂ ಆಗದ ಹಾಗೆ ನೋಡಿಕೊಳ್ಳುತ್ತೇವೆ ಅಂತ ಅಧಿಕಾರಿಗಳು ಹೇಳಿದ್ದರು ಅಂತ ಮಗ ನಡುವೆ ಸೇರಿಸಿದ. ಅಜ್ಜ ಮಗನ ಕಡೆ ನೋಡಿದ ನೋಟ ನನಗೆ ಚೆನ್ನಾಗಿ ಗೊತ್ತು. ಆ ನೋಟ ನಮ್ಮ ಮನೆಯಲ್ಲೂ ಇದೆ.

ಇನ್ನೂ ಕಾರಣ ಇದ್ದವು. ಜಮೀನಿನ ಮೇಲಿನ ತೆರಿಗೆಯಲ್ಲೇ ಇಲ್ಲಿನ ಶಾಲೆ ಹೆಚ್ಚಾಗಿ ನಡೆಯುತ್ತದೆ. ಫೆಡರಲ್ ಸರ್ಕಾರ ಕೊಂಡ ಜಾಗಕ್ಕೆ ತೆರಿಗೆ ಇಲ್ಲ. ಬದಲಿಗೆ ಪರಿಹಾರ ಕೊಡಲು 1935ರ ಒಂದು ಕಾಯ್ದೆ ಇದೆ, ಜಮೀನಿನ ಬೆಲೆಯ ಶೇ 0.75ರ ಲೆಕ್ಕ. ಆದರೆ ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, ಅಷ್ಟು ದುಡ್ಡು ಪೂರ್ತಿ ಬಿಡುಗಡೆ ಮಾಡುವುದಿಲ್ಲ. ಮತ್ತೊಂದು, ಬೇಕೆಂದರೆ ಕಡ್ಡಾಯವಾಗಿ ವಶಪಡಿಸಿಕೊಳ್ಳುವ ಅಧಿಕಾರ ಸರ್ಕಾರಕ್ಕೆ ಇದ್ದೇ ಇದೆ. ಬಳಸುವುದಿಲ್ಲ ಅನ್ನುವುದು ಬಾಯಿಮಾತು. ಎಲ್ಲಕ್ಕಿಂತ ಅಜ್ಜನಿಗೆ ಕೋಪ ತರಿಸಿದ್ದು ನಕ್ಷೆ. ಶಾಲೆಯ ಹಾಲ್‌ನಲ್ಲಿ ಸಭೆ ಕರೆದು ಗೋಡೆಗೆ ನಕ್ಷೆ ಹಚ್ಚಿದ್ದರು. ಅಜ್ಜ ಕನ್ನಡಕ ಹಾಕಿಕೊಂಡು ಹೋಗಿ ಹುಡುಕಿದರೆ, ತನ್ನ ಮನೆ, ಕೊಟ್ಟಿಗೆ, ಹೆಂಡತಿ ನೆಟ್ಟ ಮೇಪಲ್ ಮರ, ಎಲ್ಲಾ ಗೆರೆಯ ಒಳಗೆ. ಯಾರೂ ಮೊದಲು ಬಂದು ಬಾಗಿಲು ತಟ್ಟಿರಲಿಲ್ಲ. ಗೆರೆ ಬಿದ್ದ ಮೇಲೆ ನಾಲ್ಕು ವರ್ಷ ಹೊಸ ಕಣಜ ಕಟ್ಟಿಸಲೋ ಬೇಡವೋ ಅನ್ನುವುದು ತೀರ್ಮಾನ ಆಗಲೇ ಇಲ್ಲ.

ಕಣಜದ ಮಾತು ಬಂದಾಗ ಇವರು ತಲೆ ಕೆಳಗೆ ಹಾಕಿದರು. ನಮ್ಮ ಹಟ್ಟಿಯ ಮಾಡು ಹೊಸದು ಮಾಡಿಸಬೇಕು ಅಂತ ನಾನು ಹೇಳಲು ಶುರು ಮಾಡಿದ್ದು 2014ರಲ್ಲಿ. "ಪಟ್ಟಿಯಲ್ಲಿ ನಮ್ಮ ಗ್ರಾಮ ಇದೆ, ನೋಡೋಣ ಏನಾಗ್ತದೆ" ಅಂತ ಹತ್ತು ವರ್ಷದಿಂದ, ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶ ಗುರುತಿಸಿದ ಕಸ್ತೂರಿರಂಗನ್ ವರದಿಯ ಹೆಸರು ಹೇಳಿ ಮುಂದೆ ಹಾಕುತ್ತಾ ಬಂದಿದ್ದಾರೆ.

ಅಜ್ಜನ ಮನೆಯಾಕೆ ಪೀಚ್ ಪೈ ಕೊಟ್ಟರು. ಮೊಟ್ಟೆ ಇದೆಯಾ, ಹಂದಿಯ ಕೊಬ್ಬು ಇದೆಯಾ ಅಂತ ಮಗಳು ಮೊದಲೇ ಫೋನಿನಲ್ಲಿ ಕೇಳಿದ್ದಳಂತೆ. ನಮಗೆ ಅಂತಲೇ ಬೆಣ್ಣೆ ಹಾಕಿ ಮಾಡಿದ್ದರು. ನಾನು ಎರಡು ತುಂಡು ತಿಂದೆ.

ಆಮೇಲೆ ಇವರು ಇನ್ನೊಂದು ಕೇಳಿದರು. ಕೇಳಬೇಡಿ ಅಂತ ನಾನು ಕಣ್ಣು ಮಾಡಿದರೂ ಬಿಡಲಿಲ್ಲ. ಬರುವ ದಾರಿಯಲ್ಲಿ ಅಷ್ಟು ಹೊಸ ಮನೆ ನೋಡಿದೆವಲ್ಲ, ಆ ಜಾಗವೆಲ್ಲ ಮಾರಿದವರು ರೈತರೇ ಅಲ್ವಾ? ಸರ್ಕಾರಕ್ಕೆ ಬೇಡ ಅಂದು ಬಿಲ್ಡರಿಗೆ ಕೊಟ್ಟ ಹಾಗಾಯಿತಲ್ಲ?

ಅಜ್ಜ ಸ್ವಲ್ಪ ಹೊತ್ತು ಕಿಟಕಿ ಆಚೆ ನೋಡಿದರು. ಮಾರಿದವರ ಮೇಲೆ ತನಗೆ ಸಿಟ್ಟಿದೆ, ಆದರೆ ಮಾರುವುದು ಅವರ ಹಕ್ಕು ಅಂದರು. ತಾನು ಮಾರಿಲ್ಲ. 2000ದಲ್ಲಿ ಓಹಿಯೋ ಜನ ಮತ ಹಾಕಿ ಕ್ಲೀನ್ ಓಹಿಯೋ ಅನ್ನುವ ನಿಧಿಗೆ ಒಪ್ಪಿಗೆ ಕೊಟ್ಟರು. ಜಮೀನು ಎಂದೆಂದಿಗೂ ಸಾಗುವಳಿಗೇ ಅಂತ ರೈತ ಬರೆದುಕೊಟ್ಟರೆ ಅದರಿಂದ ದುಡ್ಡು ಸಿಗುತ್ತದೆ. ಅಜ್ಜ ಬರೆದುಕೊಟ್ಟಿದ್ದಾರೆ. ಇನ್ನು ಈ ಹೊಲದಲ್ಲಿ ಮೊಮ್ಮಕ್ಕಳೂ ಲೇಔಟ್ ಮಾಡುವ ಹಾಗಿಲ್ಲ.

"ಸರ್ಕಾರದ ಕರಾರೂ ಇದೇ ಇತ್ತಲ್ಲ?" ಅಂತ ಮಗಳು ಇಂಗ್ಲಿಷಿನಲ್ಲೇ ಕೇಳಿಬಿಟ್ಟಳು.

ಅದಕ್ಕೆ ಅಜ್ಜ ಹೇಳಿದ್ದು ಇಷ್ಟೇ. ಇದಕ್ಕೆ ನಾನೇ ಹೋಗಿ ಅರ್ಜಿ ಹಾಕಿದೆ.

ಹೊರಗೆ ರಸ್ತೆ ಪಕ್ಕ ಅಜ್ಜನ ಮನೆಯವರದ್ದೊಂದು ಜೋಳದ ಗೂಡಂಗಡಿ ಇದೆ. ಅಂಗಡಿಯವರು ಯಾರೂ ಇಲ್ಲ, ಡಬ್ಬಕ್ಕೆ ದುಡ್ಡು ಹಾಕಿ ತಗೊಂಡು ಹೋಗುವುದು. 'ಸ್ವೀಟ್ ಕಾರ್ನ್' ಅಂತ ಕೈಯಲ್ಲಿ ಬರೆದ ಹಲಗೆ. ಮಗ ನಗುತ್ತಾ ಅದನ್ನು ತಿರುಗಿಸಿ ತೋರಿಸಿದ. ಹಿಂದೆ ಮಾಸಿದ ಅಕ್ಷರದಲ್ಲಿ 'ರೆಫ್ಯೂಜ್ ಬೇಡ'. ಹಲಗೆ ಗಟ್ಟಿ ಇತ್ತು, ಬಿಸಾಡಲು ಮನಸ್ಸು ಬರಲಿಲ್ಲ ಅಂದ. ಒಂದು ಡಜನ್ ತಗೊಂಡೆವು. ಮನೆಗೆ ಬಂದು ಎಣಿಸಿದರೆ ಹದಿಮೂರು ಇತ್ತು.

ಭಾನುವಾರ, ಆಗಸ್ಟ್ 4

ಬೆಳಿಗ್ಗೆ ಲಂಡನ್ ಕಡೆಗೆ ಒಂದು ಸುತ್ತು. ಇದು ಇಲ್ಲಿನ ಮ್ಯಾಡಿಸನ್ ಕೌಂಟಿಯ ಮುಖ್ಯ ಊರು, ಕೋರ್ಟು ಕಟ್ಟಡ ಚೆನ್ನಾಗಿದೆ, ಉಳಿದದ್ದೆಲ್ಲ ಮುಚ್ಚಿತ್ತು. ದಾರಿಯಲ್ಲಿ ಮತ್ತೆ ಬೋರ್ಡುಗಳು. ಈ ಸಲ ಸೋಲಾರ್ ಬೇಡ ಅಂತ. ಓಕ್ ರನ್ ಅಂತ ಸುಮಾರು 6,000 ಎಕರೆಯಲ್ಲಿ 800 ಮೆಗಾವಾಟ್‌ನ ಸೋಲಾರ್ ಯೋಜನೆಗೆ ಈ ಮಾರ್ಚ್‌ನಲ್ಲಿ ರಾಜ್ಯದ ಒಪ್ಪಿಗೆ ಸಿಕ್ಕಿದೆ. ಪ್ಯಾನೆಲ್ ಮಧ್ಯೆ ಕುರಿ, ಬೆಳೆ ಎರಡೂ ಇರುತ್ತದೆ ಅನ್ನುತ್ತಾರೆ. ಊರವರಲ್ಲಿ ತುಂಬಾ ಜನಕ್ಕೆ ಬೇಡ. ನನ್ನ ಜಮೀನು ನನ್ನ ಇಷ್ಟ ಅಂದ ಕಡೆಯೇ ಈಗ ಪಕ್ಕದವ ಪ್ಯಾನೆಲ್ ಹಾಕಬಾರದು ಅಂತ ಬೋರ್ಡು. ನನಗೆ ಇದು ಅಷ್ಟು ಸರಿ ಕಾಣಲಿಲ್ಲ. ಇವರಿಗೆ ಹೇಳಿದರೆ, "ಟೈಲ್ ಎಲ್ಲಾ ಒಡೆದು ಹೋಗ್ತದೆ ಮಾರಾಯ್ತಿ, ಕಂಬ ಹೂಳುವಾಗ" ಅಂದರು. ಎರಡು ದಿನದಲ್ಲಿ ಓಹಿಯೋ ರೈತ ಆಗಿಬಿಟ್ಟಿದ್ದರು.

ಅಷ್ಟು ಹೊತ್ತಿಗೆ ಮೈದುನನ ಮೆಸೇಜು. ಕೊಳೆ ಔಷಧಿಯ ವಿಷಯ ಅಂತ ಇವರು ಗಡಬಡಿಸಿ ತೆಗೆದರು. ಪತ್ರಿಕೆಯ ಚಿತ್ರ ಇತ್ತು. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ, ಆರನೇ ಸಲ, ಜುಲೈ 31ರ ತಾರೀಖು. ಆರು ರಾಜ್ಯ ಸೇರಿ 56,800 ಚದರ ಕಿಲೋಮೀಟರಿಗೂ ಜಾಸ್ತಿ, ಕರ್ನಾಟಕದ್ದೇ 20,668. ಆಕ್ಷೇಪಣೆಗೆ 60 ದಿನ. ಕೆಳಗೆ ಮೈದುನ ಬರೆದಿದ್ದ: 'ಅಣ್ಣ, ಮತ್ತೆ ಬಂತು. ಪಂಚಾಯ್ತಿಯಲ್ಲಿ ಸಭೆ ಇದೆ. ಮಳೆ ಬಿಟ್ಟಿಲ್ಲ, ಔಷಧಿ ಹೊಡೆದಿಲ್ಲ.'

ಮನೆಗೆ ಬಂದು ಜೋಳ ಬೇಯಲು ಇಟ್ಟೆ. ಇವರು ಮಗಳ ಹತ್ತಿರ ಬಿಳಿ ಹಾಳೆ ಇಸಕೊಂಡು ಊಟದ ಮೇಜಿನ ಮೇಲೆ ಕೂತರು. 2014ರಿಂದ ಐದು ಸಲ ಆಕ್ಷೇಪಣೆ ಬರೆದಿದ್ದಾರೆ, ಒಕ್ಕಣೆ ಬಾಯಿಪಾಠ. ಸರ್ವೆ ನಂಬರು, ತೋಟ ಇಷ್ಟು, ಸೊಪ್ಪಿನ ಬೆಟ್ಟ ಇಷ್ಟು. ಇವತ್ತು ಪೆನ್ನು ಓಡಲಿಲ್ಲ. ಟಿವಿಯಲ್ಲಿ ಸದ್ದಿಲ್ಲದೆ ವಯನಾಡು ಓಡುತ್ತಿತ್ತು, ಮಣ್ಣಿನಲ್ಲಿ ಹುಡುಕುತ್ತಿದ್ದರು.

"ಅಲ್ಲ ಮಾರಾಯ್ತಿ" ಅಂತ ಕರೆದರು. "ಬೆಟ್ಟ ಉಳೀಬೇಕು ಅಂತ ಮೊದಲು ಬರೀಲಾ, ತೋಟ ಉಳೀಬೇಕು ಅಂತ ಮೊದಲು ಬರೀಲಾ?"

ಜೋಳ ಬೆಂದಿತ್ತು. ಉಪ್ಪು, ಖಾರಪುಡಿ, ನಿಂಬೆಹುಳಿ ಸವರಿ ಪಕ್ಕದಲ್ಲಿಟ್ಟೆ.

"ಬಿಸಿ ಇರುವಾಗ ತಿನ್ನಿ. ಆಮೇಲೆ ಕೂತು ಬರೆಯೋಣ. ಹಟ್ಟಿ ಮಾಡಿನ ವಿಷಯವೂ ಸೇರಿಸಿ" ಅಂದೆ.